ಯಾವ ಹಾವು ಸಾಕೋಣ?

ಕಳೆದ ನವೆಂಬರಿನಲ್ಲಿ ರಾಜ್ಯೋತ್ಸವದ ಊಟಕ್ಕೆ ಕುಳಿತಿದ್ದಾಗ, ನಾಶಿಕದಿಂದ ಬಂದಿದ್ದ ಹಳೆಯ ಮಿತ್ರರೊಬ್ಬರು ಎಲೆಗೆ ಹೋಳಿಗೆ ಬೀಳುವ ಮೊದಲೇ ನಮ್ಮ ಕಿವಿಯ ಬಳಿ ಬಾಗಿ, "ನೀವು ಬಿ.ಎಸ್ಸಿ. ಓದಿದವರು. ನಮ್ಮ ಹುಡುಗಗ ಒಂದು ಛಲೋ ಹಾವು ಹೇಳ್ರಿ" ಎಂದರು. ವರ ಹುಡುಕಿಕೊಡಿ ಎಂದವರನ್ನು ಕಂಡಿದ್ದೇವೆ, ಬಾಡಿಗೆಯ ಮನೆ ಹುಡುಕಿಕೊಡಿ ಎಂದವರನ್ನೂ ಕಂಡಿದ್ದೇವೆ. ಹಾವು ಹುಡುಕಿಕೊಡಿ ಎಂದವರು ಇವರೇ ಮೊದಲಿಗರು.

ವಿಷಯ ಇಷ್ಟು. ಅವರ ಮಗ 2022ರಲ್ಲಿ ಮುಂಬಯಿಯಿಂದ ಬಾಲ್ ಪೈಥಾನ್ ಎಂಬ ಆಫ್ರಿಕದ ಹೆಬ್ಬಾವಿನ ಮರಿಯೊಂದನ್ನು ತಂದು ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ್ದಾನೆ. ಅದು ಈಗ ನಾಲ್ಕಡಿಯ ಸಾಧು ಪ್ರಾಣಿ. ಹೆದರಿದರೆ ಚೆಂಡಿನಂತೆ ಸುತ್ತಿಕೊಂಡು ತಲೆ ಒಳಗಿಟ್ಟುಕೊಳ್ಳುತ್ತದೆ, ಅದಕ್ಕೇ ಆ ಹೆಸರು. ಹೊಸಬರು ಯಾವ ಹಾವು ಸಾಕಬೇಕೆಂದು ಕೇಳಿದರೆ ಈ ಹವ್ಯಾಸದವರೆಲ್ಲ ಮೊದಲು ಹೇಳುವುದು ಇದನ್ನು, ಇಲ್ಲವೆ ಅಮೆರಿಕದ ಕಾರ್ನ್ ಸ್ನೇಕನ್ನು. ಹುಡುಗನಿಗೆ ಅದು ಸಾಕಾಗಿದೆ. ಫೋನಿನಲ್ಲಿ ಅವನೇ ಹೇಳಿದ: "ಕಾಕಾ, ಬಾಲ್ ಪೈಥಾನ್ ಈಗ ಎಲ್ಲಾರ ಮನ್ಯಾಗೂ ಅದಾವ್ರಿ. ಯಾರ ಹತ್ರನೂ ಇಲ್ಲದ್ದು ಬೇಕು."

ಈ ಒಂದು ಮಾತಿನ ಮೇಲೆಯೇ ನಮ್ಮ ತಕರಾರು. ಹುಡುಗನ ಹಾವಿನ ಮೋಹದ ಮೇಲೆ ಅಲ್ಲ. ನಾಗರ ಪಂಚಮಿಯಂದು ಕಲ್ಲಿಗೆ ಹಾಲೆರೆದು, ಮರುದಿನ ಮೋರಿಯಲ್ಲಿ ಕಂಡ ಬಡಪಾಯಿ ಕೇರೆಹಾವನ್ನು ಬಡಿಗೆಯಿಂದ ಬಡಿಯುವ ನಮ್ಮ ತಲೆಮಾರಿಗಿಂತ ಈ ಹುಡುಗರು ಎಷ್ಟೋ ಮೇಲು. ಅವರಿಗೆ ಹಾವೆಂದರೆ ಅಸಹ್ಯವಿಲ್ಲ, ಹುಸಿ ಭಕ್ತಿಯೂ ಇಲ್ಲ. ಆದರೆ "ಯಾರ ಹತ್ತಿರವೂ ಇಲ್ಲದ್ದು" ಎಂಬ ಅಳತೆಗೋಲು ಸೀರೆ ಅಂಗಡಿಗೆ ಸರಿ, ಜೀವಂತ ಪ್ರಾಣಿಗೆ ಸರಿಯಲ್ಲ. ಯಾರ ಹತ್ತಿರವೂ ಇಲ್ಲದ ಹಾವು ಯಾಕೆ ಇಲ್ಲ ಎಂದು ಒಮ್ಮೆಯಾದರೂ ಕೇಳಿಕೊಳ್ಳಬೇಕಷ್ಟೆ. ಒಂದೋ ಅದು ನಮ್ಮ ಹವೆಯಲ್ಲಿ ಬದುಕುವುದಿಲ್ಲ, ಇಲ್ಲವೆ ಕಚ್ಚಿದರೆ ಮನುಷ್ಯ ಬದುಕುವುದಿಲ್ಲ, ಇಲ್ಲವೆ ಕಾನೂನು ಬಿಡುವುದಿಲ್ಲ.

ಅಂಥ ಹಾವುಗಳು ಬರುವ ದಾರಿಯನ್ನು ನೋಡಿ. 2023ರ ಡಿಸೆಂಬರಿನಲ್ಲಿ ಮುಂಬಯಿ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕನೊಬ್ಬನ ಬಿಸ್ಕತ್ತು, ಕೇಕಿನ ಪೊಟ್ಟಣಗಳೊಳಗೆ ಒಂಬತ್ತು ಬಾಲ್ ಪೈಥಾನ್, ಎರಡು ಕಾರ್ನ್ ಸ್ನೇಕ್ ಸಿಕ್ಕವು. ಅದು ಹೊಸಬರ ಹಾವಿನ ಲೆಕ್ಕ. 2024ರ ಏಪ್ರಿಲಿನಲ್ಲಿ ನಮ್ಮ ಬೆಂಗಳೂರಿನ ನಿಲ್ದಾಣದಲ್ಲಿ ಸಿಕ್ಕದ್ದು ಹತ್ತು ಹಳದಿ ಅನಕೊಂಡ. 2025ರ ಜೂನಿನಲ್ಲಿ ಮತ್ತೆ ಮುಂಬಯಿಯಲ್ಲಿ ಇಂಡೋನೇಷ್ಯದ 44 ವಿಷದ ಗುಳಿಮಂಡಲಗಳು, ಜೊತೆಗೆ ಬಾಲದ ತುದಿ ಜೇಡದಂತೆ ಕಾಣುವ ಮೂರು ಮಂಡಲದ ಹಾವುಗಳು. ಬಾಲ್ ಪೈಥಾನಿನಿಂದ ಅನಕೊಂಡಕ್ಕೆ, ಅನಕೊಂಡದಿಂದ ಮಂಡಲಕ್ಕೆ! "ಮುಂದಿನದು, ಇನ್ನೂ ಮುಂದಿನದು" ಎಂಬ ಹಸಿವು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಲ್ಲೊಂದು ಮಾತು ತಂದೆತಾಯಂದಿರ ಗಮನಕ್ಕೆ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಇಡುವ ಹಾವಿನ ವಿಷದ ಮದ್ದು ನಾಲ್ಕು ಹಾವುಗಳಿಗಾಗಿ ತಯಾರಾದದ್ದು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಇಂಡೋನೇಷ್ಯದ ಹಾವು ಕಚ್ಚಿದವನನ್ನು ನಾಶಿಕದ ಆಸ್ಪತ್ರೆಗೆ ಹೊತ್ತು ತಂದರೆ ವೈದ್ಯರ ಕಪಾಟಿನಲ್ಲಿ ಅದಕ್ಕೆ ತಕ್ಕ ಸೀಸೆಯೇ ಇರುವುದಿಲ್ಲ.

"ವಿಷದ ಹಾವು ಯಾರಿಗೆ ಬೇಕು? ವಿಷವಿಲ್ಲದ್ದನ್ನೇ ಇಟ್ಟುಕೊಳ್ಳೋಣ, ಅದೂ ಇಲ್ಲಿಯದನ್ನೇ" ಎನ್ನುವ ಜಾಣರೂ ಇದ್ದಾರೆ. ಅವರಿಗೆ ನಮ್ಮದೇ ಮನೆಯ ಕಥೆ ಹೇಳಬೇಕಾಗಿದೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇವೆ.

ನಾಶಿಕದಲ್ಲಿ ಆರು ವರ್ಷ ಕಳೆದು ನಾವು ವರ್ಗವಾಗಿ ಔರಂಗಾಬಾದಿಗೆ ಬಂದೆವು. ಊರಿಗೆ ಛತ್ರಪತಿ ಸಂಭಾಜಿನಗರ ಎಂಬ ಹೆಸರು ಬಂದದ್ದು 2023ರಲ್ಲಿ. (ಈ ಜಿಲ್ಲೆಯಲ್ಲಿ ಕನ್ನಡ ಎಂಬ ಹೆಸರಿನದೇ ಒಂದು ತಾಲ್ಲೂಕಿದೆ. ವೇರೂಳದ ಕೈಲಾಸ ನಮ್ಮ ರಾಷ್ಟ್ರಕೂಟ ಕೃಷ್ಣನ ಕಾಲದ್ದು. ಹೀಗಾಗಿ ಪರದೇಶಕ್ಕೆ ಬಂದೆವೆಂದು ನಮಗೆ ಅನ್ನಿಸಲಿಲ್ಲ.) ಮೊದಲ ಮಳೆಗಾಲದಲ್ಲೇ ನಮ್ಮ ಚಿಕ್ಕ ಮಗ ಲೇಔಟಿನ ಖಾಲಿ ಸೈಟಿನಿಂದ ಒಂದು ಗೇಣುದ್ದದ ಹಾವಿನ ಮರಿಯನ್ನು ಕೋಲಿನಿಂದ ಬಿಸ್ಕತ್ತಿನ ಡಬ್ಬಿಗೆ ತಳ್ಳಿಕೊಂಡು ತಂದ. ದಪ್ಪ ಮೈ, ಗಿಡ್ಡ ಬಾಲ, ಬೆನ್ನ ಮೇಲೆ ಕಂದು ಮಚ್ಚೆಗಳು. ನಾವು ಕನ್ನಡಕ ಏರಿಸಿ, ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಪ್ರಯೋಗಾಲಯದ ಫಾರ್ಮಲಿನ್ ಸೀಸೆಗಳನ್ನು ನೆನೆದು, "ಮಣ್ಣುಮುಕ್ಕ. ವಿಷವಿಲ್ಲ. ಎರಡು ದಿನ ಇಟ್ಟುಕೊಂಡು ಬಿಡು" ಎಂದು ತೀರ್ಪು ಕೊಟ್ಟೆವು. ಹೆಂಡತಿ ಮಾತ್ರ ಡಬ್ಬಿಯ ಮುಚ್ಚಳಕ್ಕೆ ಟೇಪು ಸುತ್ತಿ, ಕೆಳಗಿನ ಮನೆಯ ಮರಾಠಿ ಹುಡುಗನನ್ನು ಕರೆಸಿದಳು. ಅವನು ಈ ಪ್ರಾಂತ್ಯದಲ್ಲಿ 'ಸರ್ಪಮಿತ್ರ' ಎಂದು ಕರೆಯುತ್ತಾರಲ್ಲ, ಅಂಥವನು. ಹನ್ನೆರಡನೆಯ ಇಯತ್ತೆಗೆ ಓದು ಬಿಟ್ಟವನು. ಡಬ್ಬಿಯ ತೂತಿನಿಂದ ಒಳಗೆ ಬಂದ ಬುಸುಗುಟ್ಟುವಿಕೆ ಕೇಳಿಯೇ ಅವನ ಮುಖ ಬಿಗಿಯಿತು. "ಕಾಕಾ, ಘೋಣಸ್" ಎಂದ. ಘೋಣಸ್ ಎಂದರೆ ಕೊಳಕುಮಂಡಲ.

ಮಣ್ಣುಮುಕ್ಕದ ಎರಡು ಜಾತಿ ಇಲ್ಲಿವೆ. ಒಂದು ಕೆಂಪು ಕಂದಿನದು, ಬಾಲವೂ ತಲೆಯಂತೆ ಮೊಂಡು. ನಾವು ಎರಡು ತಲೆಯ ಹಾವು ಎನ್ನುವುದು ಅದಕ್ಕೆ, ಮರಾಠಿಯಲ್ಲಿ ಮಾಂಡೂಳ. ಇನ್ನೊಂದು ಮಚ್ಚೆಯದು, ನೋಡಲು ಕೊಳಕುಮಂಡಲದ ತದ್ರೂಪು. ಮರಾಠಿಗರು ಅದನ್ನು 'ದುರ್ಕ್ಯಾ ಘೋಣಸ್' ಎನ್ನುತ್ತಾರೆ, ಹೆಸರಿನಲ್ಲೇ ಘೋಣಸ್ ಇಟ್ಟಿದ್ದಾರೆ. ನಮ್ಮ ಪದವಿಗೆ ಸಿಕ್ಕದ ಎಚ್ಚರಿಕೆ ಹಳ್ಳಿಗರು ಇಟ್ಟ ಹೆಸರಿನಲ್ಲಿತ್ತು. ಹಗ್ಗವನ್ನು ಹಾವೆಂದು ಕಂಡವನ ದೃಷ್ಟಾಂತವನ್ನು ವೇದಾಂತಿಗಳು ಹೇಳುತ್ತಾರೆ. ಹಾವನ್ನೇ ಇನ್ನೊಂದು ಹಾವೆಂದು ಕಂಡು ಮಗನ ಕೈಗೆ ಕೊಟ್ಟವರ ದೃಷ್ಟಾಂತಕ್ಕೆ ನಾವೇ ಸಾಕು. ಮರಿಗೂ ಹುಟ್ಟಿದ ದಿನದಿಂದಲೇ ವಿಷವಿರುತ್ತದೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಅಂದಾಜು. ವರ್ಷಕ್ಕೆ 58 ಸಾವಿರ. ಆ ಲೆಕ್ಕಕ್ಕೆ ಒಂದು ಸೇರುವುದು ಒಂದು ಟೇಪಿನ ಸುರುಳಿಯಿಂದ ತಪ್ಪಿತು.

ಸರಿ, ನಿಜವಾದ ಮಾಂಡೂಳವೇ ಸಿಕ್ಕಿತೆನ್ನೋಣ. ಅದನ್ನಾದರೂ ಸಾಕಬಹುದೆ? ಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಮ್ಮ ಕಾಡುಮೇಡಿನ ಹಾವನ್ನು ಹಿಡಿದು ಮನೆಯಲ್ಲಿಡಲು ಬಿಡುವುದಿಲ್ಲ. ಹಾಗೆ ಹಿಡಿದಿಟ್ಟದ್ದು ಸರ್ಕಾರದ ಸ್ವತ್ತಾಗುತ್ತದೆ. ಮಾಂಡೂಳದ ಪಾಡಂತೂ ಹೇಳತೀರದು. ಅದು ನಿಧಿ ತೋರಿಸುತ್ತದೆ, ಅದನ್ನು ಇಟ್ಟುಕೊಂಡವನ ಭಾಗ್ಯ ತೆರೆಯುತ್ತದೆ ಎಂಬ ಮೂಢನಂಬಿಕೆಯಿಂದ ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಅದರ ಕಳ್ಳ ವ್ಯಾಪಾರ ನಡೆಯುತ್ತದೆ. ತೂಕ ಹೆಚ್ಚಿದಷ್ಟೂ ಬೆಲೆ, ಲಕ್ಷ, ಕೋಟಿ ಎಂಬ ಮಾತು. ಮಣ್ಣಿನೊಳಗೆ ಹುದುಗಿಕೊಂಡು ಹೊಲದ ಇಲಿ ತಿನ್ನುವ ಬಡ ಹಾವಿಗೆ ತನ್ನ ಭಾಗ್ಯವೇ ಇಲ್ಲ. "ಬರಿಯ ಹವ್ಯಾಸಕ್ಕೆ ಇಟ್ಟಿದ್ದೆ" ಎಂದರೆ ಅರಣ್ಯ ಇಲಾಖೆಯವರು ಯಾಕೆ ನಂಬಬೇಕು?

ವಿದೇಶಿ ಎಂಬ ಮಾತಿನಲ್ಲೂ ಮೋಸವಿದೆ. ಬರ್ಮೀಸ್ ಪೈಥಾನನ್ನು ಪರದೇಶದ್ದೆಂದು ಮಾರುತ್ತಾರೆ. ಅದು ನಮ್ಮ ಈಶಾನ್ಯ ರಾಜ್ಯಗಳ ಹಾವು. ರೆಟಿಕ್ಯುಲೇಟೆಡ್ ಪೈಥಾನ್ ನಮ್ಮ ನಿಕೋಬಾರಿನದು. ಇವು ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ. ಅಪರಾಧ ಸಾಬೀತಾದರೆ 3ರಿಂದ 7 ವರ್ಷ ಸೆರೆ, 25 ಸಾವಿರಕ್ಕೆ ಕಡಿಮೆಯಿಲ್ಲದ ದಂಡ. ಬಾಲ್ ಪೈಥಾನ್, ಅನಕೊಂಡ, ಆಫ್ರಿಕದ ಮರಳು ಬೋವಾ ಮುಂತಾದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯ ಪ್ರಾಣಿಗಳು 2022ರ ತಿದ್ದುಪಡಿಯ ಪ್ರಕಾರ ನಾಲ್ಕನೆಯ ಅನುಸೂಚಿಗೆ ಬಂದಿವೆ. 2024ರ ಫೆಬ್ರವರಿಯ ನಿಯಮಗಳಂತೆ ಅವನ್ನು ಇಟ್ಟುಕೊಂಡವರು ಆರು ತಿಂಗಳೊಳಗೆ 'ಪರಿವೇಶ್' ಜಾಲತಾಣದಲ್ಲಿ ನೋಂದಾಯಿಸಬೇಕಿತ್ತು. ಮರಿ ಹುಟ್ಟಿದರೆ, ಸತ್ತರೆ, ಕೈ ಬದಲಾದರೆ ಎಲ್ಲವನ್ನೂ ತಿಳಿಸಬೇಕು. ಆ ಆರು ತಿಂಗಳು 2024ರ ಆಗಸ್ಟಿನಲ್ಲಿ ಮುಗಿಯಿತು. ನಾಶಿಕದ ನಮ್ಮ ಹುಡುಗನಿಗೆ ಈ ಸುದ್ದಿಯೇ ಗೊತ್ತಿರಲಿಲ್ಲ. ಮಾರಿದವನು ಬಿಲ್ಲು ಕೂಡ ಕೊಟ್ಟಿರಲಿಲ್ಲ.

ನಮ್ಮಂಥ ಗುಮಾಸ್ತರಿಗೆ ಇನ್ನೊಂದು ನಿಯಮವೂ ನೆನಪಿರಲಿ. ಹಾವು ಮಗನದಾದರೂ ಮನೆ ಅಪ್ಪನದು. ಕೇಂದ್ರ ಸರ್ಕಾರದ ನೌಕರ 48 ಗಂಟೆಗೆ ಮೀರಿ ಬಂಧನದಲ್ಲಿದ್ದರೆ 1965ರ ನಿಯಮಾವಳಿಯ ಹತ್ತನೆಯ ನಿಯಮದಂತೆ ತಾನೇ ತಾನಾಗಿ ಅಮಾನತುಗೊಂಡಂತೆ. ಅರ್ಧ ಸಂಬಳದ ಲೆಕ್ಕದಲ್ಲಿ ಜೀವನಾಂಶ ಭತ್ಯೆ. ಓಝರಿನ ವಿಮಾನ ಕಾರ್ಖಾನೆ, ನಾಶಿಕ ರೋಡಿನ ಮುದ್ರಣಾಲಯ, ಇತ್ತ ವಾಳೂಜಿನ ಕಾರ್ಖಾನೆಗಳು ಎಂದು ಹೊಟ್ಟೆಪಾಡಿಗೆ ಬಂದು ಗೃಹಸಾಲದ ಕಂತು ಕಟ್ಟುತ್ತಿರುವ ನಮ್ಮ ಕುಟುಂಬಗಳಲ್ಲಿ ಎಷ್ಟು ಮನೆ ಇದನ್ನು ತಡೆದುಕೊಂಡಾವು?

ನಮ್ಮ ವಾದಕ್ಕೆ ಎದುರಾಗಿ ಒಂದು ಮಾತು ನ್ಯಾಯವಾದದ್ದೇ ಇದೆ. ಪಂಜರದಲ್ಲೇ ಮೊಟ್ಟೆಯೊಡೆದ, ಕಾಗದಪತ್ರವುಳ್ಳ ಹಾವನ್ನು ಸರಿಯಾಗಿ ನೋಡಿಕೊಳ್ಳುವವನು ಕಾಡಿಗೆ ಏನು ಕೆಡಕು ಮಾಡಿದ? ಏನೂ ಇಲ್ಲ. ಸ್ವಂತ ಮನೆಯಿದ್ದು, ವರ್ಗದ ಭಯವಿಲ್ಲದವನು ಕೇಳಿದರೆ ನಾವೂ ಹೆಸರು ಹೇಳುತ್ತೇವೆ. ಮೂರಡಿಯೊಳಗೇ ನಿಲ್ಲುವ, ಒಣ ಹವೆಗೆ ಒಗ್ಗುವ, ಮರಳಿನಲ್ಲಿ ಹುದುಗಿರುವ ಆಫ್ರಿಕದ ಮರಳು ಬೋವಾ ಒಂದು, ನೋಂದಣಿ ಸಹಿತ. ಅಮೆರಿಕದ ಮಿಲ್ಕ್ ಸ್ನೇಕ್, ಕಿಂಗ್ ಸ್ನೇಕ್ ಇನ್ನೊಂದು ಬಗೆ. ಅವು ಆ ಒಪ್ಪಂದದ ಪಟ್ಟಿಯಲ್ಲಿಲ್ಲವಾದರೂ ಆಮದಿನ ಕಾಗದ ಕೇಳದೆ ಕೊಳ್ಳಕೂಡದು. ಚಿತ್ರದಲ್ಲಿ ನೋಡಿ ಹುಡುಗರು ಮರುಳಾಗುವ ಹಸಿರು ಮರಹೆಬ್ಬಾವು ಮಾತ್ರ ಬೇಡವೇ ಬೇಡ. ಅದು ನ್ಯೂಗಿನಿಯ ಮಳೆಕಾಡಿನ ಪ್ರಾಣಿ. ಸಂಭಾಜಿನಗರದ ಮೇ ತಿಂಗಳಲ್ಲಿ, ನಲವತ್ತು ಡಿಗ್ರಿ ದಾಟಿದ ಒಣ ಬಿಸಿಲಿನಲ್ಲಿ, ಮಧ್ಯಾಹ್ನ ಎರಡಕ್ಕೆ ಕರೆಂಟು ಹೋದರೆ ಗಾಜಿನ ಪೆಟ್ಟಿಗೆ ಒಲೆಯಾಗುತ್ತದೆ. ಹಾವಿಗೆ ಬೆವರುವುದೂ ಗೊತ್ತಿಲ್ಲ, ಬಾಗಿಲು ಬಡಿಯುವುದೂ ಗೊತ್ತಿಲ್ಲ.

ಮತ್ತೆ ಊಟದ ವಿಚಾರ. ಹಾವು ಹಾಲು ಕುಡಿದು ಬದುಕುವುದಿಲ್ಲ, ಇಲಿ ಬೇಕು. ಸತ್ತ ಇಲಿಗಳನ್ನು ಫ್ರೀಜರಿನಲ್ಲಿ, ದೋಸೆ ಹಿಟ್ಟಿನ ಪಾತ್ರೆಯ ಮೇಲುಗಡೆ ಜೋಡಿಸಿಡಲು ಒಪ್ಪುವ ಗೃಹಿಣಿ ಎಷ್ಟು ಮನೆಗಳಲ್ಲಿದ್ದಾಳೆ? ನಾಶಿಕದ ಮಿತ್ರರ ಮನೆಯಲ್ಲಿ ಆ ತಾಯಿಯನ್ನು ಈ ಮೂರು ವರ್ಷ ಯಾರೂ ಒಂದು ಮಾತು ಕೇಳಿಲ್ಲ. ಹುಡುಗ ಪರೀಕ್ಷೆಗೆ ಹೋದಾಗ ಪೆಟ್ಟಿಗೆಯ ನೀರು ಬದಲಿಸುವವರು ಅವರೇ.

ಆಯುಷ್ಯವನ್ನೂ ಲೆಕ್ಕ ಹಾಕಲಿ. ಚೆನ್ನಾಗಿ ನೋಡಿಕೊಂಡರೆ ಬಾಲ್ ಪೈಥಾನ್ ಇಪ್ಪತ್ತು, ಮೂವತ್ತು ವರ್ಷ ಬದುಕುತ್ತದೆ. 2020ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 62 ವರ್ಷ ದಾಟಿದ ಒಂದು ಹೆಣ್ಣು ಮೊಟ್ಟೆಯಿಟ್ಟಿತು. ನಾವಾದರೆ ಅರುವತ್ತಕ್ಕೆ ನಿವೃತ್ತರು! ಹುಡುಗ ನಾಳೆ ನೌಕರಿಗೆಂದು ಪುಣೆಗೋ ಜರ್ಮನಿಗೋ ಹೋದಾಗ ಹಾವು ಯಾರ ಪಾಲು? ಫ್ಲಾರಿಡದಲ್ಲಿ ಜನ ಬೇಸತ್ತು ಹೊರಗೆ ಬಿಟ್ಟ ಬರ್ಮೀಸ್ ಹೆಬ್ಬಾವುಗಳು ಅಲ್ಲಿನ ಜೌಗು ಕಾಡಿನಲ್ಲಿ ಹರಡಿ ಮೊಲ, ರಕೂನುಗಳನ್ನು ತಿಂದು ಬರಿದು ಮಾಡಿವೆ. 2012ರಲ್ಲಿ ಅಮೆರಿಕ ಸರ್ಕಾರ ಅವುಗಳ ಆಮದನ್ನೇ ನಿಲ್ಲಿಸಿತು. ನಾವು ಗೋದಾವರಿಯ ದಂಡೆಯಲ್ಲಿದ್ದೇವೆ. ಬೇಡವಾದದ್ದನ್ನೆಲ್ಲ ಹೊಳೆಗೆ ಬಿಡುವ ಅಭ್ಯಾಸ ನಮಗೆ ಮೊದಲೇ ಇದೆ.

ಇಷ್ಟಕ್ಕೂ ನಮ್ಮ ಸಿಟ್ಟು ಹುಡುಗರಿಗಿಂತ ಹಿರಿಯರ ಮೇಲೆ ಹೆಚ್ಚು. ಮಗ ಹದಿನೈದು ಸಾವಿರ ಕೇಳಿದಾಗ "ಯಾಕೆ" ಎಂದು ಕೇಳದೆ ಕೊಟ್ಟವರು, ಪೆಟ್ಟಿಗೆ ಮನೆಗೆ ಬಂದಾಗ "ಮೊಬೈಲಿನಲ್ಲಿ ಮುಳುಗುವುದಕ್ಕಿಂತ ವಾಸಿ" ಎಂದು ಸುಮ್ಮನಾದವರು, ಈಗ ಪಂಕ್ತಿಯಲ್ಲಿ ಕುಳಿತು ಮುಂದಿನ ಜಾತಿ ಯಾವುದೆಂದು ನಮ್ಮನ್ನು ಕೇಳುತ್ತಾರೆ. ನಮ್ಮ ಸಂಘ ವರ್ಷವರ್ಷವೂ ಮಕ್ಕಳಿಗೆ ಛದ್ಮವೇಷ ಸ್ಪರ್ಧೆ ನಡೆಸುತ್ತದೆ. ಒಂದು ಭಾನುವಾರ ಅರಣ್ಯ ಇಲಾಖೆಯವರನ್ನೋ ಒಳ್ಳೆಯ ಸರ್ಪಮಿತ್ರನೊಬ್ಬನನ್ನೋ ಕರೆಸಿ ಮಾತಾಡಿಸಲು ಎಷ್ಟು ಖರ್ಚು? ಆಗುಂಬೆಯಲ್ಲಿ 2005ರಿಂದ ಕಾಳಿಂಗದ ಅಧ್ಯಯನ ಕೇಂದ್ರ ನಡೆಯುತ್ತಿದೆ. 2024ರಲ್ಲಿ ನಮ್ಮ ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಜಾತಿಯೆಂದು ತೀರ್ಮಾನಿಸಿ, ಅದಕ್ಕೆ ಕನ್ನಡದ 'ಕಾಳಿಂಗ' ಎಂಬ ಹೆಸರನ್ನೇ ಶಾಸ್ತ್ರೀಯ ನಾಮವಾಗಿ ಇಟ್ಟರು. ರಜೆಗೆ ಊರಿಗೆ ಹೋಗುವ ಎಷ್ಟು ಮನೆಯವರು ಮಕ್ಕಳಿಗೆ ಇದನ್ನು ಹೇಳಿದ್ದಾರೆ?

ಹುಡುಗನಿಗೆ ನಾವು ಎರಡು ಕೆಲಸ ಹೇಳಿದೆವು. ಇರುವ ಹಾವಿನ ವಿಚಾರವನ್ನು ಮುಚ್ಚಿಡದೆ ತಂದೆಯ ಜೊತೆಗೆ ಅರಣ್ಯ ಕಚೇರಿಗೆ ಹೋಗಿ ಬರೆದುಕೊಡು. ಹೊಸದನ್ನು ಮಾರುವವನಿಗೆ ಆಮದಿನ ಕಾಗದದ ನಕಲು ಕೇಳು. ಎರಡನೆಯದನ್ನು ಅವನು ಅಂದೇ ಮಾಡಿದ. ಮಾರುವವನು ಅಂದಿನಿಂದ ಫೋನು ಎತ್ತಿಲ್ಲ. ಮೊದಲನೆಯದಕ್ಕೆ ತಂದೆಯವರು ಇನ್ನೂ ರಜೆ ಹಾಕಿಲ್ಲ. ಈ ಸಂಚಿಕೆ ಅವರ ಮನೆಗೂ ಹೋಗುತ್ತದೆ.