ತಾಯ್ತಂದೆಯರನ್ನು ದೂರುವ ಮುನ್ನ

ಮಕ್ಕಳು ದಾರಿತಪ್ಪಿದರೆ ಹೆತ್ತವರ ಸಂಸ್ಕಾರಹೀನತೆಯೇ ಕಾರಣವೆಂದು ವೇದಿಕೆಗಳಿಂದ ಬೋಧಿಸುವುದು ಇಂದು ರೂಢಿಯಾಗಿದೆ. ಸದ್ಭಕ್ತರೂ ತಲೆದೂಗುತ್ತಾರೆ. ಮನೆಯ ಕುಡಿತ, ಜಗಳಗಳು ಎಳೆಯ ಮನಸ್ಸನ್ನು ಕದಡುವುದು ನಿಜ. ಅಂಜಿದ ಮಗುವಿಗೆ ಅಕ್ಷರ ಹತ್ತದು. ಆದರೆ ರಾಮನಗರ, ಮಾಗಡಿಗಳ ರೇಷ್ಮೆಯ ಕೇರಿಗಳಲ್ಲಿ ನಿಂತು ಇಷ್ಟನ್ನೇ ಹೇಳುವುದು ಅನ್ಯಾಯ.

ಅಲ್ಲಿ ಎಷ್ಟೋ ಮನೆಗಳನ್ನು ಒಡೆದದ್ದು ಮುಂಗಡದ ಹಣ. ಕಾಯಿಲೆಗೋ ಮದುವೆಗೋ ತಂದ ಸಾಲಕ್ಕೆ ಮಗುವೇ ಒತ್ತೆಯಾಗುತ್ತಿತ್ತು. ರಾಮನಗರದಲ್ಲಿ ಗೂಡು ಬೇಯುವ ಬಿಸಿನೀರಿಗೆ ಬರಿಗೈ ಅದ್ದಬೇಕು. ಮಾಗಡಿಯಲ್ಲಿ ಹುರಿಯಂತ್ರಗಳ ಸದ್ದಿನ ನಡುವೆ ದಿನವಿಡೀ ನಿಂತು ಕಡಿದ ಎಳೆಗಳನ್ನು ಕೂಡಿಸಬೇಕು. ಜೀತಪದ್ಧತಿ 1976ರಲ್ಲಿಯೇ ಕಾಯ್ದೆಯಿಂದ ರದ್ದಾಗಿತ್ತು; 1986ರಲ್ಲಿ ಬಾಲಕಾರ್ಮಿಕ ಕಾಯ್ದೆಯೂ ಬಂದಿತ್ತು. ಆದರೂ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 1996ರಲ್ಲಿಯೂ 2003ರಲ್ಲಿಯೂ ಹೊರತಂದ ವರದಿಗಳಲ್ಲಿ ಕರ್ನಾಟಕದ ರೇಷ್ಮೆಗೆ ಜೀತ ದುಡಿದ ಮಕ್ಕಳ ಸಾಕ್ಷ್ಯವಿದೆ. ಆ ಹೆತ್ತವರಿಗೆ ಪ್ರೀತಿಯೇ ಇರಲಿಲ್ಲವೆನ್ನುವ ಎದೆಗಾರಿಕೆ ಯಾರಿಗಿದೆ? ಮಾಲೀಕನ ಸಂಸ್ಕಾರವನ್ನು ಮಾತ್ರ ಯಾವ ವೇದಿಕೆಯೂ ಪ್ರಶ್ನಿಸಲಿಲ್ಲ.

ಎಳವೆಯಿಂದಲೇ ದುಡಿದರೆ ಕಾಯಕನಿಷ್ಠೆ ಬರುವುದೆಂದು ವಾದಿಸುವವರೂ ಉಂಟು. ಶರಣರಿಗೆ ಇದಕ್ಕಿಂತ ದೊಡ್ಡ ಅಪಚಾರವಿಲ್ಲ. ಕಾಯಕವೆಂಬುದು ಅರಿತು, ಒಪ್ಪಿ ಮಾಡುವ ದುಡಿಮೆ. ಸಾಲಕ್ಕೆ ಕಟ್ಟಿಹಾಕಿದ ದುಡಿಮೆಯಲ್ಲ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಪತಿ ಮಾರಯ್ಯನನ್ನು ಲಕ್ಕಮ್ಮ ಆಸೆಬುರುಕತನವೆಂದು ತಿದ್ದಿ, ಹೆಚ್ಚಾದುದನ್ನು ಹಿಂದಕ್ಕೆ ಕಳುಹಿಸಿದಳು. ಆ ಮನೆಯ ನೆಮ್ಮದಿಗೆ ಬುಡವಾದದ್ದು ಇಬ್ಬರು ವಯಸ್ಕರ ದುಡಿಮೆ ಮತ್ತು ಮಿತಿಯ ಅರಿವು. ಮಗುವಿನ ಬೆರಳಿನಿಂದ ಲಾಭ ತೆಗೆಯುವವನು ಲಕ್ಕಮ್ಮನ ಎದುರು ನಿಲ್ಲಬಲ್ಲನೇ?

ಇನ್ನು ತಾಯಿಯೋ ತಂದೆಯೋ ಇಲ್ಲದ ಮನೆಯನ್ನು ಕಂಡೊಡನೆ ಮಗು ಕೆಟ್ಟಿತೆಂದು ತೀರ್ಪು ಕೊಡುವವರು ಮಾಗಡಿಯ ವೀರಾಪುರವನ್ನು ನೆನೆಯಲಿ. 1907ರಲ್ಲಿ ಅಲ್ಲಿ ಜನಿಸಿದ ಶಿವಣ್ಣ ಹದಿಮೂರು ಮಕ್ಕಳಲ್ಲಿ ಕಿರಿಯ. ಎಂಟನೆಯ ವಯಸ್ಸಿನಲ್ಲಿ ತಾಯಿ ಗಂಗಮ್ಮ ತೀರಿಕೊಂಡರು. ಅಕ್ಕ ಆಸರೆಯಾದರು, ನಾಗವಲ್ಲಿಯ ಶಾಲೆ ದೊರೆಯಿತು, 1926ರಲ್ಲಿ ಮೆಟ್ರಿಕ್ಯುಲೇಷನ್ ತೇರ್ಗಡೆಯಾಯಿತು. ಆ ತಬ್ಬಲಿ ಬಾಲಕನೇ ಮುಂದೆ ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮೀಜಿಯಾಗಿ, 2019ರಲ್ಲಿ ಲಿಂಗೈಕ್ಯರಾಗುವವರೆಗೆ, ಸಾವಿರಾರು ಬಡಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ನೀಡಿದರು. ಆ ಮಗುವಿಗೆ ಬೇಕಾಗಿದ್ದದ್ದು ಕೈಬಿಡದ ಒಬ್ಬ ಹಿರಿಯರು, ಹೊತ್ತಿಗೆ ಅನ್ನ, ಒಂದು ಶಾಲೆ. ಅದನ್ನು ಒದಗಿಸುವ ಹೊಣೆ ಊರಿನದೂ ಸರ್ಕಾರದ್ದೂ ಹೌದು, ಮಠಗಳದ್ದೂ ಹೌದು.

ಬಿಡದಿಯ ಕಾರ್ಖಾನೆಗೆ ಪಾಳಿಯಲ್ಲಿ ಹೋಗುವ ತಾಯಿಯನ್ನು ಇಂದು ಹೀಗಳೆಯುವವರು, ಅವಳು ಮರಳುವತನಕ ಕೂಸನ್ನು ನೋಡಿಕೊಳ್ಳುವವರು ಯಾರೆಂಬುದನ್ನು ಮೊದಲು ಹೇಳಲಿ.