ಹಳೆಯ ಕಂಪ್ಯೂಟರಿಗೆ ಹೊಸ ಭಾಗ: ತೂಬು ಕಟ್ಟಿರುವುದು ಎಲ್ಲಿ?

ಹನಗೋಡು ಹೋಬಳಿಯ ಜನರಿಗೆ ತೂಬಿನ ಮಹತ್ವವನ್ನು ಹೊಸದಾಗಿ ವಿವರಿಸಬೇಕಾಗಿಲ್ಲ. ಬ್ರಹ್ಮಗಿರಿಯಲ್ಲಿ ಹುಟ್ಟಿ ಹರಿದುಬರುವ ಲಕ್ಷ್ಮಣತೀರ್ಥಕ್ಕೆ ಇಲ್ಲಿ ಅಣೆಕಟ್ಟೆಯಿದೆ. ಅಲ್ಲಿಂದ ಹೊರಡುವ ನಾಲೆಯ ನೀರನ್ನು ನಂಬಿ ಹುಣಸೂರು ತಾಲ್ಲೂಕಿನ ಗದ್ದೆಗಳು ಬದುಕಿವೆ. ತೂಬಿನ ಬಾಯಿ ಕಿರಿದಾಗಿದ್ದರೆ ನಾಲೆಯ ಬಾಲವನ್ನು ಎಷ್ಟು ಅಗಲವಾಗಿ ತೋಡಿದರೂ ಕೊನೆಯ ಗದ್ದೆಗೆ ನೀರು ಹೆಚ್ಚುವುದಿಲ್ಲವೆಂಬುದು ಯಾವ ರೈತನಿಗೂ ಗೊತ್ತು. ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಹೊಸ ಆಟಗಳನ್ನು ಓಡಿಸಬಯಸುವ ವಿದ್ಯಾರ್ಥಿ ಮೊದಲು ಅರಿಯಬೇಕಾದುದೂ ಇದನ್ನೇ. ತೂಬು ಎಲ್ಲಿ ಕಟ್ಟಿದೆಯೆಂದು ನೋಡದೆ ನಾಲೆಯ ಬಾಲ ತೋಡಲು ಹಣ ಸುರಿಯುವುದು ಇಂದು ಪೇಟೆಯಲ್ಲಿಯೂ ಹಳ್ಳಿಯಲ್ಲಿಯೂ ನಡೆಯುತ್ತಿದೆ.

ಪರಿಸರದ ಪತ್ರಿಕೆಗೆ ಕಂಪ್ಯೂಟರ್ ಆಟದ ಗೊಡವೆ ಏಕೆಂದು ಹಿರಿಯರು ಕೇಳಬಹುದು. ಹೊಗೆಸೊಪ್ಪಿನ ಹರಾಜು ಮುಗಿದು ಮನೆಗೆ ನಾಲ್ಕು ಕಾಸು ಬಂದಾಗ, ಕಾಲೇಜಿಗೆ ಹೋಗುವ ಮಗನೋ ಮಗಳೋ ಕೇಳುವ ವಸ್ತುಗಳ ಪಟ್ಟಿಯಲ್ಲಿ ಇಂದು ಕಂಪ್ಯೂಟರೂ ಸೇರಿದೆ. ಓದಿಗೆಂದು ತಂದ ಯಂತ್ರದಲ್ಲಿ ಮಕ್ಕಳು ಆಟವನ್ನೂ ಆಡುತ್ತಾರೆ. ಅದರಲ್ಲಿ ಹೀಗಳೆಯುವಂಥದ್ದೇನೂ ಇಲ್ಲ. (ಹಣ ಕಟ್ಟಿ ಆಡುವ ಜೂಜಿನ ಮಾತು ಬೇರೆ. ಅಂತಹ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆಯ ಮೂಲಕ ನಿಷೇಧಿಸಿದೆ.) ಆದರೆ ಆಟ ತಡವರಿಸತೊಡಗಿದೊಡನೆ ಇಡೀ ಯಂತ್ರವನ್ನೇ ಹೊರಗೆಸೆದು ಹೊಸದನ್ನು ತರಬೇಕೆಂಬ ಜಾಹೀರಾತಿನ ಬೋಧನೆಯನ್ನು ಪ್ರಶ್ನಿಸದೆ ಬಿಡುವಂತಿಲ್ಲ.

ಒಂದು ಕಂಪ್ಯೂಟರ್ ಹುಟ್ಟಲು ಏನೇನು ವ್ಯಯವಾಗುತ್ತದೆ ಎಂಬುದನ್ನು ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ಅಧ್ಯಯನವೊಂದು 2004ರಲ್ಲಿ ಜಗತ್ತಿನ ಮುಂದಿಟ್ಟಿತು. ಆ ಕಾಲದ ಒಂದು ಡೆಸ್ಕ್‌ಟಾಪ್ ಮತ್ತು 17 ಅಂಗುಲದ ಗಾಜಿನ ಮಾನಿಟರನ್ನು ತಯಾರಿಸಲು ಕನಿಷ್ಠ 240 ಕಿಲೋಗ್ರಾಂ ಇಂಧನ, 22 ಕಿಲೋಗ್ರಾಂ ರಾಸಾಯನಿಕ ಮತ್ತು 1,500 ಲೀಟರ್ ನೀರು ಬೇಕಾಗುತ್ತಿತ್ತು. ರೆಫ್ರಿಜರೇಟರು ತನ್ನ ಆಯುಷ್ಯದಲ್ಲಿ ನುಂಗುವ ಶಕ್ತಿಯ ಬಹುಪಾಲು ಬಳಕೆಯಲ್ಲಿ ವ್ಯಯವಾದರೆ, ಮನೆಯ ಕಂಪ್ಯೂಟರಿನ ವಿಷಯದಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ಅದು ಕಾರ್ಖಾನೆಯಿಂದ ಹೊರಬರುವ ಮೊದಲೇ ವ್ಯಯವಾಗಿರುತ್ತದೆಂದು ಅದೇ ಸಂಶೋಧಕರು ಲೆಕ್ಕ ಹಾಕಿದ್ದರು. ಯಂತ್ರಗಳು ಬದಲಾಗಿವೆ, ಅಂಕಿಗಳೂ ಬದಲಾಗಿವೆ. ಆದರೆ ತಯಾರಿಕೆಯ ಭಾರ ದೊಡ್ಡದೆಂಬ ಮಾತು ಇಂದಿಗೂ ನಿಜ. ಅದಿರಿನ ಬೆಲೆಯನ್ನು ಮಲೆನಾಡು ಬಲ್ಲದು. ಕುದುರೆಮುಖದ ಗಣಿಗಾರಿಕೆ 2005ರ ಕೊನೆಯಲ್ಲಿ ನಿಲ್ಲಲು ಸರ್ವೋಚ್ಚ ನ್ಯಾಯಾಲಯದ ಆದೇಶವೇ ಬೇಕಾಯಿತು. ವಿದ್ಯುನ್ಮಾನ ಬಿಡಿಭಾಗಗಳಿಗೆ ಬೇಕಾದ ಟ್ಯಾಂಟಲಂ ಲೋಹದ ಬೆಲೆ 2000ದ ಕೊನೆಯಲ್ಲಿ ಗಗನಕ್ಕೇರಿದಾಗ ಕಾಂಗೋ ದೇಶದ ಕಹುಜಿ-ಬಿಯೆಗಾ ರಾಷ್ಟ್ರೀಯ ಉದ್ಯಾನಕ್ಕೆ ಅಗೆಯುವವರು ನುಗ್ಗಿದರು. ಅಲ್ಲಿನ ಗೊರಿಲ್ಲಾಗಳ ಸಂಖ್ಯೆ ದಾರುಣವಾಗಿ ಕುಸಿಯಿತು. ನಾಗರಹೊಳೆಯ ಅಂಚಿನಲ್ಲಿ ಬದುಕುವವರಿಗೆ ಇದು ದೂರದ ಸುದ್ದಿಯೆನಿಸಬಾರದು.

ಯಂತ್ರ ಹಳತಾಯಿತೆಂದು ತೀರ್ಮಾನಿಸುವವರಾದರೂ ಯಾರು? ಯಂತ್ರ ಸವೆದಿರುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಕೌಂಟರ್-ಸ್ಟ್ರೈಕ್ ಆಟದ ಹಳೆಯ ಆವೃತ್ತಿಯ ಜಾಗದಲ್ಲಿ ಎರಡನೆಯ ಆವೃತ್ತಿ ಬಂದು ಕುಳಿತಿತು. ಹಿಂದಿನ ದಿನದವರೆಗೆ ಆಟವನ್ನು ನಿರಾಯಾಸವಾಗಿ ಓಡಿಸುತ್ತಿದ್ದ ಎಷ್ಟೋ ಕಂಪ್ಯೂಟರುಗಳು ಮರುದಿನ ಏದುಸಿರು ಬಿಟ್ಟವು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11 ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಳೆಯ ಪ್ರೊಸೆಸರುಗಳನ್ನು ಬಹುಮಟ್ಟಿಗೆ ಒಪ್ಪುವುದಿಲ್ಲ. ಈ ಒಂದು ನಿರ್ಧಾರದಿಂದ ಜಗತ್ತಿನಲ್ಲಿ ಸುಮಾರು 24 ಕೋಟಿ ಕಂಪ್ಯೂಟರುಗಳು ಕಸವಾಗಬಹುದೆಂದು ಕೆನಾಲಿಸ್ ಎಂಬ ಮಾರುಕಟ್ಟೆ ವಿಶ್ಲೇಷಣಾ ಸಂಸ್ಥೆ 2023ರಲ್ಲಿಯೇ ಅಂದಾಜಿಸಿತ್ತು.

ಆದ್ದರಿಂದ ಮೊದಲ ಕೆಲಸ ಕೊಳ್ಳುವುದಲ್ಲ, ಪರೀಕ್ಷಿಸುವುದು. ಅದಕ್ಕೆ ಖರ್ಚಿಲ್ಲ. ಆಟ ಮೊದಲ ಹತ್ತು ನಿಮಿಷ ಸರಾಗವಾಗಿ ಓಡಿ ಅನಂತರ ನಿಧಾನವಾಗುತ್ತಿದ್ದರೆ ಅದು ಶಕ್ತಿಯ ಕೊರತೆಯಲ್ಲ, ಬಿಸಿಯ ಲಕ್ಷಣ. ಪ್ರೊಸೆಸರ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗವನ್ನು ತಗ್ಗಿಸುತ್ತದೆ. ಬೇಸಿಗೆಯ ಕೆಂಧೂಳು ಫ್ಯಾನಿನ ಕೆಳಗಿನ ರೆಕ್ಕೆಗಳಲ್ಲಿ ಕಂಬಳಿಯಂತೆ ಕುಳಿತಿರುತ್ತದೆ. ಪ್ರೊಸೆಸರಿನ ಮೇಲಿನ ಶಾಖವಾಹಕ ಲೇಪ ವರ್ಷಗಳು ಕಳೆದಂತೆ ಒಣಗಿ ಪುಡಿಯಾಗಿರುತ್ತದೆ. ಒಂದು ಮೃದುವಾದ ಕುಂಚ, ಒಂದು ಸಣ್ಣ ಟ್ಯೂಬು ಲೇಪ, ಒಂದು ಭಾನುವಾರ: ಎಷ್ಟೋ ಯಂತ್ರಗಳ ಕಾಯಿಲೆ ಇಷ್ಟರಲ್ಲೇ ವಾಸಿಯಾಗುತ್ತದೆ. ಇದನ್ನು ಮಾಡದೆ ಅಂಗಡಿಯ ಮೆಟ್ಟಿಲು ಹತ್ತುವುದು ಅವಿವೇಕ.

ಬಿಸಿಯ ದೋಷವಿಲ್ಲವೆಂದಾದರೆ ಮುಂದಿನ ಪರೀಕ್ಷೆ ಸುಲಭ. ಆಟ ನಡೆಯುತ್ತಿರುವಾಗಲೇ ವಿಂಡೋಸಿನ ಟಾಸ್ಕ್ ಮ್ಯಾನೇಜರನ್ನು ತೆರೆದು ನೋಡಬೇಕು. ರ್‍ಯಾಮ್ ತುಂಬಿ ತುಳುಕುತ್ತಿದ್ದು, ಡಿಸ್ಕ್ ನೂರಕ್ಕೆ ನೂರರಲ್ಲಿ ನಿಂತಿದ್ದರೆ ಕೊರತೆಯಿರುವುದು ರ್‍ಯಾಮಿನದು. ಗ್ರಾಫಿಕ್ಸ್ ಭಾಗ ನೂರರ ಸಮೀಪವಿದ್ದು ಪ್ರೊಸೆಸರ್ ಬಿಡುವಾಗಿದ್ದರೆ ತೂಬು ಗ್ರಾಫಿಕ್ಸ್ ಕಾರ್ಡು. ಆಟದ ಚಿತ್ರದ ಅಳತೆಯನ್ನು ತಗ್ಗಿಸಿಯೂ ನೋಡಬಹುದು. ತಗ್ಗಿಸಿದಾಗ ವೇಗ ಹೆಚ್ಚಿದರೆ ಅಡ್ಡಿ ಗ್ರಾಫಿಕ್ಸಿನದು. ಏನೂ ಬದಲಾಗದಿದ್ದರೆ ಪ್ರೊಸೆಸರಿನದು. ಎರಡನೆಯ ಸಂದರ್ಭದಲ್ಲಿ ಎಷ್ಟು ದುಬಾರಿಯ ಕಾರ್ಡನ್ನು ತಂದು ಸಿಕ್ಕಿಸಿದರೂ ಅದು ಕೈಕಟ್ಟಿ ಕುಳಿತಿರುತ್ತದೆ.

ರ್‍ಯಾಮಿನ ವಿಷಯದಲ್ಲಿ ಪೇಟೆಯವರು ಸಾಮಾನ್ಯವಾಗಿ ಹೇಳದ ಒಂದು ಮಾತಿದೆ. 8 ಜಿಬಿಯ ಒಂದೇ ಪಟ್ಟಿಗಿಂತ 4 ಜಿಬಿಯ ಎರಡು ಸಮಾನ ಪಟ್ಟಿಗಳು ಮೇಲು, ಏಕೆಂದರೆ ದತ್ತಾಂಶ ಎರಡು ಕಾಲುವೆಗಳಲ್ಲಿ ಏಕಕಾಲಕ್ಕೆ ಹರಿಯುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟು ದೊಡ್ಡದು. ಅಲ್ಲಿ ಚಿತ್ರ ಬಿಡಿಸುವ ಭಾಗವೂ ಇದೇ ರ್‍ಯಾಮನ್ನು ಎರವಲು ಪಡೆಯುತ್ತದೆ. ಕೃತಕ ಬುದ್ಧಿಮತ್ತೆಯ ಬೃಹತ್ ದತ್ತಾಂಶ ಕೇಂದ್ರಗಳ ಹಸಿವಿನಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ಹೊಸ ರ್‍ಯಾಮಿನ ಬೆಲೆ ತೀವ್ರವಾಗಿ ಏರಿತು. ಹಳೆಯ ಯಂತ್ರಗಳಿಂದ ಬಿಚ್ಚಿದ ಪಟ್ಟಿಗಳಿಗೆ ಇದರಿಂದ ಮರ್ಯಾದೆ ಹೆಚ್ಚಿದೆ. ಇನ್ನು ಎಸ್‌ಎಸ್‌ಡಿ. ತಿರುಗುವ ತಟ್ಟೆಯ ಹಾರ್ಡ್‌ಡಿಸ್ಕಿನ ಬದಲು ಅದನ್ನು ಹಾಕಿದರೆ ಯಂತ್ರ ಬೇಗ ಏಳುತ್ತದೆ, ಆಟ ಬೇಗ ತೆರೆಯುತ್ತದೆ, ಓದುಬರಹದ ಕೆಲಸಕ್ಕಂತೂ ಅದೇ ಅತ್ಯುತ್ತಮ ಹೂಡಿಕೆ. ಆದರೆ ಒಮ್ಮೆ ಆಟ ಆರಂಭವಾದ ಮೇಲೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ ಅದರಿಂದ ಹೆಚ್ಚುವುದಿಲ್ಲ.

ಗ್ರಾಫಿಕ್ಸ್ ಕಾರ್ಡಿನ ಆಯ್ಕೆಯಲ್ಲಿಯೇ ಹೆಚ್ಚು ಜನ ಎಡವುವುದು. ನಗರದ ಕಚೇರಿಗಳು ಬಿಟ್ಟುಕೊಟ್ಟ ಡೆಲ್, ಎಚ್‌ಪಿ, ಲೆನೊವೊ ಪೆಟ್ಟಿಗೆಗಳು ಇಂದು ಕಡಿಮೆ ಬೆಲೆಗೆ ಸಿಗುತ್ತವೆ, ಗಟ್ಟಿಮುಟ್ಟಾದ ಯಂತ್ರಗಳು. ಆದರೆ ಅವುಗಳಲ್ಲಿ ಹಲವು ಸಣಕಲು ಪೆಟ್ಟಿಗೆಗಳು. ಗಿಡ್ಡ ಅಳತೆಯ ಕಾರ್ಡು ಮಾತ್ರ ಹಿಡಿಸುತ್ತದೆ. ಡೆಲ್ ಆಪ್ಟಿಪ್ಲೆಕ್ಸ್ 9020ರ ಸಣ್ಣ ಪೆಟ್ಟಿಗೆಯಲ್ಲಿರುವ ವಿದ್ಯುತ್ ಘಟಕ 255 ವ್ಯಾಟಿನದು, ಅದರ ಸಂಪರ್ಕವೂ ಕಂಪನಿಯದೇ ವಿಶಿಷ್ಟ ರೀತಿಯದು. ಪೇಟೆಯ ಸಾಮಾನ್ಯ ಎಸ್‌ಎಂಪಿಎಸ್ ಅದಕ್ಕೆ ನೇರವಾಗಿ ಕೂರದು. ಮದರ್‌ಬೋರ್ಡಿನ ಸೀಳು ಕಾರ್ಡಿಗೆ ಕೊಡಬಲ್ಲದ್ದು ಹೆಚ್ಚೆಂದರೆ 75 ವ್ಯಾಟ್. ಆ ಮಿತಿಯೊಳಗೆ, ಬೇರೆ ತಂತಿಯನ್ನು ಬೇಡದೆ ದುಡಿಯುವ ಕಾರ್ಡುಗಳಲ್ಲಿ 2016ರ ಜಿಟಿಎಕ್ಸ್ 1050 ಟಿಐ ಮತ್ತು 2019ರ ಜಿಟಿಎಕ್ಸ್ 1650 ಹೆಸರುವಾಸಿ. ಕೊಳ್ಳುವಾಗ ತಂತಿಯ ಕಿಂಡಿ ಇಲ್ಲದ ಮಾದರಿಯನ್ನೇ ಕೇಳಿ ಪಡೆಯಬೇಕು. ಮೊದಲನೆಯ ಕಾರ್ಡಿಗೆ ಹೊಸ ಆಟಗಳಿಗಾಗಿ ತಂತ್ರಾಂಶ ಪರಿಷ್ಕರಿಸುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರಿನಲ್ಲಿ ನಿಲ್ಲಿಸಿತು. ಎರಡನೆಯದು ಆ ಪಟ್ಟಿಯಲ್ಲಿ ಸೇರಲಿಲ್ಲ. ಜಿಟಿ 1030 ಎಂಬ ಒಂದೇ ಹೆಸರಿನಲ್ಲಿ ಎರಡು ಬಗೆಯ ಕಾರ್ಡುಗಳಿವೆ: ಡಿಡಿಆರ್4 ಇರುವುದು ಜಿಡಿಡಿಆರ್5 ಇರುವುದಕ್ಕಿಂತ ಬಹಳ ನಿಧಾನ. ಹೊಸದೆಂದ ಮಾತ್ರಕ್ಕೆ ಹಳೆಯದಕ್ಕೆ ಹೊಂದುತ್ತದೆಂದೂ ಇಲ್ಲ. 2022ರ ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿ ಕೇವಲ ನಾಲ್ಕು ಓಣಿಗಳಲ್ಲಿ ಮಾತನಾಡುವ ಕಾರ್ಡು. ಹಳೆಯ ಬೋರ್ಡಿನ ನಿಧಾನಗತಿಯ ಸೀಳಿನಲ್ಲಿ ಅದು ತನ್ನ ಶಕ್ತಿಯ ಒಂದು ಭಾಗವನ್ನು ಕಳೆದುಕೊಳ್ಳುತ್ತದೆ. ಬಳಸಿದ ಕಾರ್ಡಿನ ವ್ಯಾಪಾರದಲ್ಲಿ ಇನ್ನೊಂದು ಎಚ್ಚರ ಬೇಕು. ಈಥೀರಿಯಂ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆ 2022ರ ಸೆಪ್ಟೆಂಬರಿನಲ್ಲಿ ನಿಂತಾಗ, ಹಗಲಿರುಳು ದುಡಿದ ಕಾರ್ಡುಗಳು ರಾಶಿರಾಶಿಯಾಗಿ ಮಾರುಕಟ್ಟೆಗೆ ಬಂದವು. ಕಣ್ಣೆದುರು ಅರ್ಧ ಗಂಟೆ ಆಟ ಓಡಿಸಿ ತೋರಿಸದ ಮಾರಾಟಗಾರನಿಂದ ಕೊಳ್ಳಬಾರದು.

ವಿದ್ಯುತ್ ಘಟಕದ ಮಾತನ್ನು ಯಾರೂ ಎತ್ತುವುದಿಲ್ಲ, ಏಕೆಂದರೆ ಅದು ತೆರೆಯ ಮೇಲೆ ಕಾಣಿಸದು. ಅಗ್ಗದ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಎಂದು ಅಚ್ಚಾಗಿದ್ದರೂ ಅದು ಅಷ್ಟನ್ನು ಕೊಡುತ್ತದೆಂಬ ಭರವಸೆಯಿಲ್ಲ. ಸುಡುವಾಗ ಒಂಟಿಯಾಗಿಯೂ ಸುಡದೆ ಬೋರ್ಡನ್ನೂ ಜೊತೆಗೆ ಕರೆದೊಯ್ಯಬಲ್ಲದು. ವೋಲ್ಟೇಜು ಏರಿಳಿಯುವ, ಮುಂಗಾರಿನ ಮೊದಲು ಸಿಡಿಲು ಆರ್ಭಟಿಸುವ ಊರುಗಳಲ್ಲಿ ಕಾರ್ಡಿಗಿಂತ ಮೊದಲು ಒಳ್ಳೆಯ ವಿದ್ಯುತ್ ಘಟಕಕ್ಕೂ ಸರಿಯಾದ ಅರ್ಥಿಂಗಿಗೂ ಹಣ ತೆಗೆದಿಡುವುದು ಲೇಸು. ಗುಡುಗು ಕೇಳಿದಾಗ ಪ್ಲಗ್ಗನ್ನು ಕಿತ್ತಿಡುವ ಅಜ್ಜಿಯ ಬುದ್ಧಿಗೆ ಸಮನಾದ ಉಪಕರಣ ಇನ್ನೂ ಬಂದಿಲ್ಲ.

ಬಿಲ್ಲಿನ ಲೆಕ್ಕವನ್ನೂ ಮನೆಯವರ ಮುಂದಿಡಬೇಕು. ಇಂತಹ ಸಾಧಾರಣ ಕಾರ್ಡಿನ ಯಂತ್ರ ಮಾನಿಟರೂ ಸೇರಿ ಆಟದ ಹೊತ್ತಿನಲ್ಲಿ ಸುಮಾರು 175 ವ್ಯಾಟ್ ಎಳೆಯುತ್ತದೆಂದು ಇಟ್ಟುಕೊಂಡರೆ, ದಿನಕ್ಕೆ ಎರಡು ಗಂಟೆಯಂತೆ ತಿಂಗಳಿಗೆ ಹತ್ತು ಯೂನಿಟ್ ಮೀರುತ್ತದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್ತಿನ ಪಾಲು ಆಯಾ ಮನೆಯ 2022-23ರ ಸರಾಸರಿ ಬಳಕೆಯನ್ನು ಆಧರಿಸಿ, ಅದರ ಮೇಲೆ ಅಲ್ಪ ಪ್ರಮಾಣ ಸೇರಿಸಿ ನಿಗದಿಯಾದದ್ದು. ಎರಡು ದೀಪ, ಒಂದು ಟಿವಿಯ ಮನೆಯಲ್ಲಿ ಹತ್ತು ಯೂನಿಟ್ ಸಣ್ಣದಲ್ಲ. ಮನೆಯಲ್ಲಿ ಹಳೆಯ ಗಾಜಿನ ಮಾನಿಟರ್ ಇನ್ನೂ ಇದ್ದರೆ ಅದನ್ನು ಎಲ್‌ಇಡಿಗೆ ಬದಲಿಸುವುದು, ಹೊಸ ಕಾರ್ಡು ಎಳೆಯುವ ವಿದ್ಯುತ್ತಿನ ದೊಡ್ಡ ಪಾಲನ್ನು ಮರಳಿಸುತ್ತದೆ.

ಇಷ್ಟೆಲ್ಲದರ ನಡುವೆ ಮಿತಿಯನ್ನು ಮುಚ್ಚಿಡುವುದು ಸರಿಯಲ್ಲ. 2012ರ ಸುಮಾರಿನ, ಇಂಟೆಲ್‌ನ ಮೂರನೆಯ ತಲೆಮಾರಿನ ಯಂತ್ರದಲ್ಲಿ ಐ3 ತೆಗೆದು ಅದೇ ಕುಳಿಗೆ ಕೂರುವ ಬಳಸಿದ ಐ5 ಅಥವಾ ಐ7 ಹಾಕಬಹುದು. ಕೆಲವು ಬೋರ್ಡುಗಳಿಗೆ ಮೊದಲು ಬಯಾಸ್ ನವೀಕರಿಸಬೇಕಾಗುತ್ತದೆ. ಆದರೆ ಎವಿಎಕ್ಸ್2 ಎಂಬ ಸೂಚನಾಗುಚ್ಛ 2013ರ ನಾಲ್ಕನೆಯ ತಲೆಮಾರಿನಿಂದ ಈಚೆಗಷ್ಟೇ ಇದೆ. ಅದನ್ನು ಕೇಳುವ ಹೊಸ ಆಟಗಳು ಹಳೆಯ ಪ್ರೊಸೆಸರಿನಲ್ಲಿ ತೆರೆಯುವುದೇ ಇಲ್ಲ. ವಿಂಡೋಸಿನ ಬದಲು ಲಿನಕ್ಸ್ ಹಾಕಿಕೊಂಡರೆ ಭದ್ರತಾ ಪರಿಷ್ಕರಣೆ ಉಚಿತವಾಗಿ ಮುಂದುವರಿಯುತ್ತದೆ. 2018ರಲ್ಲಿ ವಾಲ್ವ್ ಕಂಪನಿ ಹೊರತಂದ ಪ್ರೋಟಾನ್ ತಂತ್ರಾಂಶದಿಂದ ವಿಂಡೋಸಿನ ಬಹಳಷ್ಟು ಆಟಗಳು ಅಲ್ಲಿಯೂ ಓಡುತ್ತವೆ. ಆದರೆ ವ್ಯಾಲೊರಂಟ್, ಫೋರ್ಟ್‌ನೈಟ್‌ನಂತಹವು ಓಡವು. ಅವನ್ನೇ ಆಡಬೇಕೆಂಬವರಿಗೆ ಹಳೆಯ ಪೆಟ್ಟಿಗೆಯಲ್ಲಿ ಬಿಡಿಭಾಗ ತುಂಬುವುದು ಸೋರುವ ಕೆರೆಗೆ ಕಾಲುವೆ ತೋಡಿದಂತೆ. ಹಾಗಿದ್ದಾಗ ಎಂಟನೆಯ ತಲೆಮಾರಿನ, ಬಳಸಿದ ಕಚೇರಿ ಯಂತ್ರವೊಂದನ್ನು ಕೊಂಡು, ಈಗಾಗಲೇ ಇರುವ ಎಸ್‌ಎಸ್‌ಡಿಯನ್ನೂ, ಹಿಡಿಸುವುದಾದರೆ ಕಾರ್ಡನ್ನೂ ಅದಕ್ಕೆ ದಾಟಿಸುವುದು ಪ್ರಾಮಾಣಿಕವಾದ ಸಲಹೆ.

ಉಳಿಯುವುದು ಬಿಚ್ಚಿ ತೆಗೆದ ಭಾಗಗಳ ಪ್ರಶ್ನೆ. 2022ರಲ್ಲಿ ಜಗತ್ತು 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯವನ್ನು ಉತ್ಪಾದಿಸಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯಾದದ್ದು ಶೇಕಡಾ 22.3 ಮಾತ್ರ. ಮಿಕ್ಕದ್ದರ ಗತಿಯನ್ನು ಉತ್ತರ ಪ್ರದೇಶದ ಮೊರಾದಾಬಾದ್ ತೋರಿಸಿದೆ. ಹಿತ್ತಾಳೆಯ ಕೆಲಸಕ್ಕೆ ಹೆಸರಾದ ಆ ನಗರದಲ್ಲಿ ಸರ್ಕ್ಯೂಟ್ ಬೋರ್ಡುಗಳನ್ನು ಸುಟ್ಟು, ಆಮ್ಲದಲ್ಲಿ ತೊಳೆದು, ಬೂದಿಯನ್ನು ರಾಮಗಂಗಾ ನದಿಯ ದಡಕ್ಕೆ ಸುರಿದರು. ಅವರು ಹುಡುಕುತ್ತಿದ್ದುದು ಚಿನ್ನ ಮತ್ತು ತಾಮ್ರವನ್ನು. 2001ರಲ್ಲಿ ಮುಚ್ಚಿದ ಕೋಲಾರದ ಗಣಿಯ ಅದಿರಿನಲ್ಲಿ ಕೊನೆಗಾಲಕ್ಕೆ ಟನ್ನಿಗೆ ಕೆಲವೇ ಗ್ರಾಂ ಚಿನ್ನವಿತ್ತು. ಒಂದು ಟನ್ ಬೋರ್ಡಿನಲ್ಲಿ ಅದರ ಹಲವಾರು ಪಟ್ಟು ಇರುತ್ತದೆ. ಅದನ್ನು ವಿಷವಿಲ್ಲದೆ ತೆಗೆಯಬಲ್ಲ ಘಟಕಗಳು ಕರ್ನಾಟಕದಲ್ಲಿಯೇ ಇವೆ. ದೇಶದ ಮೊದಲ ಅಧಿಕೃತ ವಿದ್ಯುನ್ಮಾನ ತ್ಯಾಜ್ಯ ಘಟಕವಾದ ಇ-ಪರಿಸರ 2005ರಲ್ಲಿ ಆರಂಭವಾದದ್ದು ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ.

ಕೊರತೆ ಇರುವುದು ಕಾನೂನಿನಲ್ಲಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಹೊಸ ನಿಯಮಗಳು ತಯಾರಕರ ಮರುಬಳಕೆಯ ಗುರಿಯನ್ನು ಶೇಕಡಾ 60ರಿಂದ ಆರಂಭಿಸಿ 2027-28ರ ಹೊತ್ತಿಗೆ ಶೇಕಡಾ 80ಕ್ಕೆ ಏರಿಸುತ್ತವೆ. ಆದರೆ ನಗರದ ಕಸದಿಂದಲೇ ಪ್ರಮಾಣಪತ್ರ ಕೊಂಡು ಗುರಿ ಮುಟ್ಟಬಹುದಾದಾಗ ಕಂಪನಿಯ ವಾಹನ ಕಾಡಂಚಿನ ಹಳ್ಳಿಗೆ ಏಕೆ ಬಂದೀತು? ಇಲ್ಲಿಗೆ ಬರುವುದು ಗುಜರಿಯವನ ಸೈಕಲ್ಲು. ಕೆಲಸ ಮಾಡುವ ರ್‍ಯಾಮ್ ಪಟ್ಟಿ, ಹಾರ್ಡ್‌ಡಿಸ್ಕು, ಕಾರ್ಡುಗಳು ಗುಜರಿಗೆ ಹೋಗುವ ಮೊದಲು ಊರಿನ ಶಾಲೆಯ ಕಂಪ್ಯೂಟರ್ ಕೋಣೆಗೆ ಹೋಗಲಿ. ವೈಯಕ್ತಿಕ ದತ್ತಾಂಶವನ್ನು ಅಳಿಸಿ ಕೊಡಲಿ. ಕೆಟ್ಟ ಬೋರ್ಡು, ಸೀಸ ತುಂಬಿದ ಗಾಜಿನ ಮಾನಿಟರುಗಳನ್ನು ತಾಮ್ರದ ಆಸೆಗೆ ಹೊಲದ ಬದುವಿನಲ್ಲಿ ಸುಡದೆ ಒಂದೆಡೆ ಒಣಗಿದ ಜಾಗದಲ್ಲಿ ಕೂಡಿಡಲಿ. ಹನಗೋಡು, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಪಂಚಾಯಿತಿಗಳು ವರ್ಷಕ್ಕೆ ಎರಡು ದಿನ ಗೊತ್ತುಮಾಡಿ, ನೋಂದಾಯಿತ ಮರುಬಳಕೆದಾರರ ವಾಹನವನ್ನು ಕರೆಸಿ, ಕೂಡಿಟ್ಟದ್ದನ್ನು ತೂಕ ಮಾಡಿ ರಸೀದಿ ಪಡೆದು ಕಳುಹಿಸಬಹುದು. ಮುಂದಿನ ಗ್ರಾಮಸಭೆಯಲ್ಲಿ ವಿದ್ಯಾರ್ಥಿಗಳೇ ಈ ಬೇಡಿಕೆಯನ್ನು ಬರವಣಿಗೆಯಲ್ಲಿ ಮಂಡಿಸಿ, ಅದು ನಡಾವಳಿ ಪುಸ್ತಕದಲ್ಲಿ ದಾಖಲಾಗುವಂತೆ ನೋಡಿಕೊಳ್ಳಲಿ.