ಫ್ರಿಜ್ಜಿನ ‘ಗ್ಯಾಸ್’ ಮುಗಿಯುವುದುಂಟೇ?

ಅಡುಗೆಮನೆಯಲ್ಲಿ ಎರಡು ಬಗೆಯ ‘ಗ್ಯಾಸ್’ ಇರುತ್ತದೆ. ಒಂದು ಸಿಲಿಂಡರಿನದು. ಒಲೆ ಉರಿದಂತೆಲ್ಲ ಅದು ಸವೆಯುತ್ತದೆ. ತಿಂಗಳೋ ಎರಡು ತಿಂಗಳೋ ಆದ ಮೇಲೆ ಖಾಲಿಯಾಗಿ ಹೊಸ ಸಿಲಿಂಡರ್ ಬರಬೇಕಾಗುತ್ತದೆ. ಇನ್ನೊಂದು ಫ್ರಿಜ್ಜಿನದು. ಎರಡಕ್ಕೂ ಹೆಸರು ಒಂದೇ ಆದ್ದರಿಂದ ಇದೂ ದಿನದಿನಕ್ಕೆ ಸವೆದು ಮುಗಿಯುವ ವಸ್ತು ಎಂದೇ ಬಹಳ ಜನ ತಿಳಿದಿದ್ದಾರೆ. ಬೇಸಿಗೆಯಲ್ಲಿ ಫ್ರಿಜ್ ಸರಿಯಾಗಿ ತಣ್ಣಗಾಗದಿದ್ದರೆ ‘ಗ್ಯಾಸ್ ಮುಗಿದಿರಬೇಕು’ ಎಂದು ಮನೆಯವರೇ ತೀರ್ಪು ಕೊಡುತ್ತಾರೆ. ರಿಪೇರಿಗೆ ಬಂದವನು ಹೌದೆಂದರೆ ಮುಗಿಯಿತು. ಗ್ಯಾಸ್ ತುಂಬಿಸಿದ್ದಕ್ಕೆ ಸಾವಿರಾರು ರೂಪಾಯಿ ಕೊಟ್ಟಾಗುತ್ತದೆ. ಕೆಲವು ತಿಂಗಳಲ್ಲಿ ಮತ್ತೆ ಅದೇ ಕಥೆ.

ನಿಜವೇನೆಂದರೆ, ಫ್ರಿಜ್ಜಿನ ಗ್ಯಾಸ್ ಖರ್ಚಾಗುವ ವಸ್ತುವೇ ಅಲ್ಲ. ಕಾರ್ಖಾನೆಯಲ್ಲಿ ತುಂಬಿ ಬೆಸುಗೆ ಹಾಕಿದ ಅನಿಲವೇ ಹತ್ತು ಹದಿನೈದು ವರ್ಷ, ಯಂತ್ರದ ಆಯುಸ್ಸು ತೀರುವವರೆಗೂ, ಒಳಗೇ ಸುತ್ತುತ್ತಿರಬೇಕು. ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ತೂತಾಗಿದೆ ಎಂದೇ ಅರ್ಥ. ತೂತು ಮುಚ್ಚದೆ ಗ್ಯಾಸ್ ತುಂಬುವುದು ಒಡೆದ ಕೊಡಕ್ಕೆ ನೀರು ಹೊತ್ತ ಹಾಗೆ. ಇದು ಮನದಟ್ಟಾಗಬೇಕಾದರೆ ಫ್ರಿಜ್ ಮಾಡುವ ಕೆಲಸವಾದರೂ ಏನು ಎಂಬುದನ್ನು ಮೊದಲು ತಿಳಿಯಬೇಕು.

ಫ್ರಿಜ್ ತಂಪನ್ನು ಉತ್ಪಾದಿಸುವ ಯಂತ್ರ ಎಂಬ ನಂಬಿಕೆಯಿದೆ. ಭೌತಶಾಸ್ತ್ರದಲ್ಲಿ ತಂಪು ಎಂಬ ವಸ್ತುವೇ ಇಲ್ಲ. ಇರುವುದು ಶಾಖ ಮಾತ್ರ. ನೀರು ತಾನಾಗಿ ಎತ್ತರದಿಂದ ತಗ್ಗಿಗೆ ಹರಿಯುವಂತೆ ಶಾಖವೂ ತಾನಾಗಿ ಬಿಸಿಯ ಕಡೆಯಿಂದ ತಣ್ಣನೆಯ ಕಡೆಗೇ ಹರಿಯುತ್ತದೆ. ಬಾವಿಯ ನೀರನ್ನು ಮೇಲಿನ ಗದ್ದೆಗೆ ಏರಿಸಬೇಕಾದರೆ ಪಂಪ್‌ಸೆಟ್ಟು ಬೇಕು, ವಿದ್ಯುತ್ತು ಬೇಕು. ಹಾಗೆಯೇ ತಣ್ಣನೆಯ ಪೆಟ್ಟಿಗೆಯೊಳಗಿನ ಶಾಖವನ್ನು ಬಿಸಿಯಾದ ಅಡುಗೆಮನೆಗೆ ಎತ್ತಿ ಸುರಿಯುವ ಪಂಪೇ ಫ್ರಿಜ್. ಏರ್ ಕಂಡಿಷನರ್ ಕೂಡ ಇದೇ ಜಾತಿಯದು. ಈ ಪಂಪಿನ ಬಿಸಿ ಬದಿಯನ್ನೇ ಕಟ್ಟಡ ಬೆಚ್ಚಗಿಡಲು ಬಳಸಬಹುದೆಂದು ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ 1852ರಲ್ಲೇ ತೋರಿಸಿದ್ದರು. ನಾರ್ವೆ, ಸ್ವೀಡನ್ನಿನಂಥ ಚಳಿ ದೇಶಗಳಲ್ಲಿ ಲಕ್ಷಾಂತರ ಮನೆಗಳು ಈಗ ಬೆಚ್ಚಗಿರುವುದು ಇದರಿಂದಲೇ. ‘ಹೀಟ್ ಪಂಪ್’ ಎಂಬ ಹೆಸರು ನಮ್ಮಲ್ಲಿ ಹೊಸದೆನಿಸಿದರೂ ಯಂತ್ರ ಮಾತ್ರ ಅಡುಗೆಮನೆಯ ಮೂಲೆಯಲ್ಲಿ ಮೊದಲೇ ಬಂದು ನಿಂತಿದೆ.

ಈ ಪಂಪು ಶಾಖವನ್ನು ಎತ್ತುವುದು ಹೇಗೆ? ಇಂಜೆಕ್ಷನ್ ಕೊಡುವ ಮುನ್ನ ತೋಳಿಗೆ ಸ್ಪಿರಿಟ್ ಸವರಿದಾಗ ಆ ಜಾಗ ತಣ್ಣಗಾಗುತ್ತದೆ. ಸ್ಪಿರಿಟ್ ಮೊದಲೇ ತಣ್ಣಗಿರಲಿಲ್ಲ. ಆವಿಯಾಗಲು ಬೇಕಾದ ಶಾಖವನ್ನು ಅದು ಚರ್ಮದಿಂದ ಕಿತ್ತುಕೊಂಡಿತು, ಅಷ್ಟೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದೇ ಕಾರಣಕ್ಕೆ. ದ್ರವ ಆವಿಯಾಗುವಾಗ ಹೀರಿಕೊಳ್ಳುವ ಈ ಶಾಖಕ್ಕೆ ಪಠ್ಯಪುಸ್ತಕಗಳಲ್ಲಿ ಗುಪ್ತೋಷ್ಣ ಎಂದು ಹೆಸರು. ಒಂದು ಗ್ರಾಂ ಕುದಿನೀರು ಆವಿಯಾಗಲು ಸುಮಾರು 540 ಕ್ಯಾಲರಿ ಬೇಕು. ಆವಿ ಮತ್ತೆ ನೀರಾದಾಗ ಅಷ್ಟನ್ನೂ ಹೊರಗೆ ಬಿಟ್ಟುಕೊಡುತ್ತದೆ.

ಫ್ರಿಜ್ಜಿನಲ್ಲಿ ನೀರಿನ ಬದಲು ತೀರ ಕಡಿಮೆ ಉಷ್ಣತೆಯಲ್ಲೇ ಕುದಿಯುವ ವಸ್ತುವಿರುತ್ತದೆ. ಈಚಿನ ಬಹುತೇಕ ಮನೆಬಳಕೆಯ ಮಾದರಿಗಳಲ್ಲಿರುವುದು ಐಸೋಬ್ಯುಟೇನ್. ಸಾಮಾನ್ಯ ವಾಯುಭಾರದಲ್ಲಿ ಅದು ಸೊನ್ನೆಗಿಂತ ಸುಮಾರು 12 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುತ್ತದೆ. ಒತ್ತಡ ತಗ್ಗಿಸಿದರೆ ಇನ್ನೂ ಕೆಳಗೆ. ಫ್ರೀಜರಿನ ಗೋಡೆಯ ನಳಿಗೆಗಳಲ್ಲಿ ಅದು ಕುದಿದು ಆವಿಯಾಗುತ್ತ ಒಳಗಿನ ಹಾಲು, ತರಕಾರಿಗಳ ಶಾಖವನ್ನು ಹೀರುತ್ತದೆ. ಆ ಆವಿಯನ್ನು ಕಂಪ್ರೆಸರ್ ಎಳೆದುಕೊಂಡು ಅದುಮಿದಾಗ ಅದು ಬಿಸಿಯೇರುತ್ತದೆ. ಅಲ್ಲಿಂದ ಕಂಡೆನ್ಸರ್ ಎಂಬ ಹೊರಗಿನ ಕೊಳವೆ ಜಾಲದಲ್ಲಿ ಹಾಯುತ್ತ ತನ್ನ ಶಾಖವನ್ನು ಕೋಣೆಯ ಗಾಳಿಗೆ ಕೊಟ್ಟು ಮತ್ತೆ ದ್ರವವಾಗುತ್ತದೆ. ಬಳಿಕ ಒಂದು ಮಿಲಿಮೀಟರಿಗಿಂತ ಸಣ್ಣ ರಂಧ್ರದ ನಳಿಗೆಯಲ್ಲಿ ನುಸುಳಿ, ಒತ್ತಡ ಕಳೆದುಕೊಂಡು, ಪುನಃ ಫ್ರೀಜರಿಗೆ ಬರುತ್ತದೆ. ಹೀಗೆ ಸುತ್ತು ಮುಗಿಯುತ್ತದೆ. ಇಲ್ಲಿ ಯಾವುದೂ ಉರಿಯುವುದಿಲ್ಲ, ಸವೆಯುವುದಿಲ್ಲ. ಗ್ಯಾಸ್ ಕೇವಲ ಹಮಾಲಿ. ಒಳಗಿನ ಹೊರೆ ಹೊತ್ತು ಹೊರಗೆ ಇಳಿಸುತ್ತದೆ.

ಈ ಒಂದು ಮಾತು ತಿಳಿದರೆ ಫ್ರಿಜ್ಜಿನ ಬಗೆಗಿನ ಅನೇಕ ತಪ್ಪು ತಿಳಿವಳಿಕೆಗಳು ತಾವಾಗಿ ಕಳಚುತ್ತವೆ.

‘ಫ್ರಿಜ್ಜಿನ ಪಕ್ಕ ಬಿಸಿಯಾಗಿದೆ, ಏನೋ ಕೆಟ್ಟಿದೆ’ ಎಂಬ ಗಾಬರಿಯನ್ನೇ ನೋಡಿ. ಹಳೆಯ ಮಾದರಿಗಳಲ್ಲಿ ಹಿಂಬದಿಗೆ ಕಾಣುತ್ತಿದ್ದ ಕಪ್ಪು ಕೊಳವೆ ಜಾಲವನ್ನು ಹೊಸವುಗಳಲ್ಲಿ ಹಲವು ಬಾರಿ ಅಕ್ಕಪಕ್ಕದ ತಗಡಿನ ಒಳಗೇ ಅಡಗಿಸಿರುತ್ತಾರೆ. ಒಳಗಿನಿಂದ ಹೊತ್ತು ತಂದ ಶಾಖ ಅಲ್ಲಿ ಇಳಿಯಲೇಬೇಕು. ಪಕ್ಕ ಬೆಚ್ಚಗಿರುವುದು ಪಂಪು ಕೆಲಸ ಮಾಡುತ್ತಿದೆ ಎಂಬುದರ ಗುರುತು. ಆದರೆ ಫ್ರಿಜ್ಜನ್ನು ಗೋಡೆಗೆ ಅಂಟಿಸಿಟ್ಟರೆ, ಕೊಳವೆಗಳ ಮೇಲೆ ಒಗ್ಗರಣೆಯ ಜಿಡ್ಡು, ಧೂಳು ಕಟ್ಟಿದರೆ ಶಾಖ ಇಳಿಯಲು ದಾರಿಯಿಲ್ಲ. ಕಂಪ್ರೆಸರ್ ಬಿಡುವಿಲ್ಲದೆ ದುಡಿಯುತ್ತದೆ, ವಿದ್ಯುತ್ ಬಿಲ್ ಏರುತ್ತದೆ, ಒಳಗಿನ ಹಾಲು ಒಡೆಯುತ್ತದೆ. ‘ಗ್ಯಾಸ್ ಮುಗಿದಿದೆ’ ಎನ್ನಿಸಿಕೊಳ್ಳುವ ಫ್ರಿಜ್ಜಿಗೆ ಬೇಕಾದದ್ದು ಕೆಲವೊಮ್ಮೆ ಒಂದು ಮೆದು ಬ್ರಷ್ ಮಾತ್ರ. ಪ್ಲಗ್ ಕಿತ್ತು, ಆರು ತಿಂಗಳಿಗೊಮ್ಮೆ ಹಿಂಬದಿಯ ಧೂಳು ತೆಗೆದು, ಗೋಡೆಯಿಂದ ನಾಲ್ಕಾರು ಅಂಗುಲ ದೂರ ನಿಲ್ಲಿಸಿದರೆ ಸಾಕು.

‘ಸೆಕೆಯಾದಾಗ ಫ್ರಿಜ್ಜಿನ ಬಾಗಿಲು ತೆರೆದಿಟ್ಟರೆ ಕೋಣೆ ತಂಪಾಗುತ್ತದೆ’ ಎಂಬುದು ಮಕ್ಕಳ ಅಚ್ಚುಮೆಚ್ಚಿನ ಉಪಾಯ. ಮುಂದಿನಿಂದ ಎತ್ತಿದ ಶಾಖವನ್ನು ಫ್ರಿಜ್ ಅದೇ ಕೋಣೆಗೆ ಹಿಂದಿನಿಂದ ಸುರಿಯುತ್ತದೆ. ಜತೆಗೆ ಅದು ಬಳಸಿದ ವಿದ್ಯುತ್ತೂ ಕೊನೆಗೆ ಶಾಖವೇ ಆಗುತ್ತದೆ. ಆದ್ದರಿಂದ ಬಾಗಿಲು ಹಾಕಿದ ಕೋಣೆ ಒಟ್ಟಾರೆ ಬಿಸಿಯಾಗುತ್ತದೆಯೇ ಹೊರತು ತಂಪಾಗದು.

‘ಹಿಮ ಹೆಚ್ಚು ಕಟ್ಟಿದಷ್ಟೂ ತಂಪು ಹೆಚ್ಚು’ ಎಂಬುದು ಇನ್ನೊಂದು ಭ್ರಮೆ. ಹಿಮದ ಪದರದಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಅದು ಫ್ರೀಜರಿನ ನಳಿಗೆಗಳಿಗೆ ಕಂಬಳಿ ಹೊದಿಸಿದಂತೆ. ಅರ್ಧ ಸೆಂಟಿಮೀಟರ್ ದಪ್ಪವಾಗುವ ಹೊತ್ತಿಗೆ ಯಂತ್ರ ನಿಲ್ಲಿಸಿ ಅದನ್ನು ಕರಗಿಸುವುದು ಒಳ್ಳೆಯದು. ತಾನೇ ಹಿಮ ಕರಗಿಸಿಕೊಳ್ಳುವ ‘ಫ್ರಾಸ್ಟ್ ಫ್ರೀ’ ಮಾದರಿಗಳಿಗೆ ಈ ಕೆಲಸವಿಲ್ಲ. ಕರಗಿದ ನೀರು ಹಿಂಬದಿಯಲ್ಲಿ, ಕಂಪ್ರೆಸರಿನ ಮೇಲೆ ಅಥವಾ ಬಳಿ ಇರುವ ತಟ್ಟೆಗೆ ಇಳಿಯುತ್ತದೆ. ಅದು ಪೂರ್ತಿ ಆರಿಹೋಗುತ್ತದೆ ಎಂದು ನಂಬಿ ಸುಮ್ಮನಿರಬಾರದು. ನೀರು ನಿಂತರೆ ಡೆಂಗೆ ಹರಡುವ ಈಡಿಸ್ ಸೊಳ್ಳೆ ಅಲ್ಲಿ ಮೊಟ್ಟೆಯಿಡುತ್ತದೆ. ವಾರಕ್ಕೊಮ್ಮೆ ಆ ತಟ್ಟೆ ನೋಡುವುದು ಆರೋಗ್ಯಕ್ಕೂ ಕ್ಷೇಮ.

ಗುಂಡಿಯ ಮೇಲಿನ ಅಂಕಿಗಳನ್ನು ಡಿಗ್ರಿಗಳೆಂದು ತಿಳಿಯುವವರಿದ್ದಾರೆ. ಅವು ಡಿಗ್ರಿಗಳಲ್ಲ. ಸಾಮಾನ್ಯ ಫ್ರಿಜ್ಜಿನಲ್ಲಿ ದೊಡ್ಡ ಅಂಕಿಗೆ ತಿರುಗಿಸಿದರೆ ‘ಬೇಗ’ ತಣ್ಣಗಾಗುವುದಿಲ್ಲ. ಕಂಪ್ರೆಸರ್ ಹೆಚ್ಚು ಹೊತ್ತು ಓಡಿ ‘ಹೆಚ್ಚು’ ತಣ್ಣಗಾಗುತ್ತದೆ. ಆಹಾರ ಕೆಡದಿರಲು ಒಳಗೆ ಸುಮಾರು 4 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ವಿದ್ಯಾರ್ಥಿಗಳು ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಳಿಸಿ, ರಾತ್ರಿಯಿಡೀ ಒಳಗಿಟ್ಟು, ಬೆಳಗ್ಗೆ ಓದಿ ನೋಡಬಹುದು. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬಾರದು, ಪ್ರಯೋಗಾಲಯದ್ದೇ ಬೇಕು. ಬಾಗಿಲಿನ ರಬ್ಬರ್ ಪಟ್ಟಿ ಪರೀಕ್ಷಿಸಲು ಹತ್ತು ರೂಪಾಯಿ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಎಳೆಯಬೇಕು. ನೋಟು ಸಲೀಸಾಗಿ ಜಾರಿ ಬಂದರೆ ಅಲ್ಲಿಂದ ಹಗಲಿರುಳೂ ಹೊರಗಿನ ಬಿಸಿಗಾಳಿ ಒಳನುಗ್ಗುತ್ತಿದೆ ಎಂದು ತಿಳಿಯಬಹುದು.

ಕರೆಂಟ್ ಹೋಗಿ ಮರುಕ್ಷಣವೇ ಬಂದಾಗ ಫ್ರಿಜ್ ‘ಟಕ್’ ಎಂದು ಸದ್ದು ಮಾಡಿ ಸುಮ್ಮನಾಗುವುದನ್ನು ಅನೇಕರು ಗಮನಿಸಿರುತ್ತಾರೆ. ಕಂಪ್ರೆಸರಿನ ಒಂದು ಬದಿಯಲ್ಲಿ ಅಧಿಕ ಒತ್ತಡ, ಇನ್ನೊಂದು ಬದಿಯಲ್ಲಿ ಕಡಿಮೆ ಒತ್ತಡ ಇರುವಾಗ ಸಾಮಾನ್ಯ ಮೋಟಾರಿಗೆ ಹೊರಡಲು ಶಕ್ತಿ ಸಾಲದು. ಸಣ್ಣ ನಳಿಗೆಯ ಮೂಲಕ ಎರಡೂ ಬದಿಯ ಒತ್ತಡ ಸಮವಾಗಲು ಮೂರರಿಂದ ಐದು ನಿಮಿಷ ಬೇಕು. ಸ್ವಿಚ್ಚನ್ನು ಹಾಕಿ ತೆಗೆದು ಹಾಕಿ ತೆಗೆದು ಮಾಡುವವರು ಮೋಟಾರನ್ನು ಸುಡುವ ದಾರಿಯಲ್ಲಿದ್ದಾರೆ. ಐದು ನಿಮಿಷದ ತಾಳ್ಮೆ ಇಲ್ಲಿ ದೊಡ್ಡ ರಿಪೇರಿಯನ್ನು ಉಳಿಸುತ್ತದೆ.

ಇನ್ನು ಮತ್ತೆ ಗ್ಯಾಸಿನ ವಿಚಾರ. ಅದು ಸೋರಿದರೆ ನಷ್ಟ ಹಣದ್ದು ಮಾತ್ರವಲ್ಲ ಎಂಬುದಕ್ಕೆ ಚರಿತ್ರೆಯೇ ಸಾಕ್ಷಿ. ಮೊದಲ ಕಾಲದ ಫ್ರಿಜ್‌ಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್‌ಗಳಂಥ ವಿಷಾನಿಲಗಳಿದ್ದವು. ಬರ್ಲಿನ್ನಿನಲ್ಲಿ ಇಂಥ ಸೋರಿಕೆಯಿಂದ ಒಂದು ಕುಟುಂಬವೇ ಸತ್ತ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಆಲ್ಬರ್ಟ್ ಐನ್‌ಸ್ಟೈನ್, 1926ರಲ್ಲಿ ತರುಣ ವಿಜ್ಞಾನಿ ಲಿಯೊ ಸಿಲಾರ್ಡ್ ಜತೆಗೂಡಿ ಸೋರದ ಫ್ರಿಜ್ಜಿನ ಕೆಲಸಕ್ಕೆ ಕೈಹಾಕಿದರು. 1930ರಲ್ಲಿ ಅವರಿಗೆ ಅಮೆರಿಕದ ಪೇಟೆಂಟೂ ದೊರಕಿತು. ಆದರೆ ಅದೇ ವರ್ಷ ಥಾಮಸ್ ಮಿಡ್‌ಗ್ಲಿ ಎಂಬ ಅಮೆರಿಕನ್ ರಸಾಯನವಿಜ್ಞಾನಿ ಹೊಸ ಅನಿಲವೊಂದನ್ನು ತುಂಬಿದ ಸಭೆಯಲ್ಲಿ ಉಸಿರಿಗೆ ಎಳೆದುಕೊಂಡು, ಅದನ್ನೇ ಊದಿ ಮೇಣದ ಬತ್ತಿ ಆರಿಸಿ ತೋರಿಸಿದರು. ವಿಷವೂ ಅಲ್ಲ, ಉರಿಯುವುದೂ ಇಲ್ಲ! ಅದೇ ಕ್ಲೋರೊಫ್ಲೂರೊಕಾರ್ಬನ್, ಅಂದರೆ ಸಿಎಫ್‌ಸಿ.

ಅದರ ಇನ್ನೊಂದು ಮುಖ ಕಂಡದ್ದು 1974ರಲ್ಲಿ. ಅದು ವಾತಾವರಣದ ಮೇಲ್ಪದರಕ್ಕೆ ಏರಿ ಓಜೋನನ್ನು ನಾಶ ಮಾಡಬಲ್ಲದು ಎಂದು ಮಾರಿಯೊ ಮೊಲಿನಾ ಮತ್ತು ಶೆರ್ವುಡ್ ರೋಲಂಡ್ ಎಚ್ಚರಿಸಿದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ಓಜೋನ್ ರಂಧ್ರದ ವರದಿ ಬಂತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಸಿಎಫ್‌ಸಿಯ ಜಾಗಕ್ಕೆ ಬಂದ ಆರ್-134ಎ ಓಜೋನಿಗೆ ಕೇಡು ಮಾಡದು. ಆದರೆ ನೂರು ವರ್ಷಗಳ ಲೆಕ್ಕದಲ್ಲಿ ಅದು ಭೂಮಿಯನ್ನು ಕಾಯಿಸುವ ಶಕ್ತಿ ಕಾರ್ಬನ್ ಡೈಆಕ್ಸೈಡಿನ ಸುಮಾರು 1,400 ಪಟ್ಟು. ಅಂದರೆ 100 ಗ್ರಾಂ ಸೋರಿದರೆ 140 ಕಿಲೋ ಕಾರ್ಬನ್ ಡೈಆಕ್ಸೈಡ್ ಬಿಟ್ಟ ಹಾಗೆ. ಇಂಥ ಅನಿಲಗಳನ್ನು ಕಡಿಮೆ ಮಾಡಲು 2016ರಲ್ಲಿ ಕಿಗಾಲಿಯಲ್ಲಿ ತಿದ್ದುಪಡಿಯಾಯಿತು. ಭಾರತ ಅದನ್ನು 2021ರಲ್ಲಿ ಅನುಮೋದಿಸಿತು.

ಈಗಿನ ಐಸೋಬ್ಯುಟೇನ್ ಓಜೋನಿಗೂ ಹಾನಿಯಲ್ಲ, ಭೂಮಿಯನ್ನೂ ಹೆಚ್ಚು ಕಾಯಿಸದು. ಆದರೆ ಅದು ಅಡುಗೆ ಅನಿಲದ ಸಂಬಂಧಿ; ಹೊತ್ತಿಕೊಳ್ಳುತ್ತದೆ. ಪ್ರಮಾಣ ಕಡಿಮೆ, ಅಂತಾರಾಷ್ಟ್ರೀಯ ಸುರಕ್ಷಾ ಮಾನಕದ ಪ್ರಕಾರ ಮನೆಯ ಫ್ರಿಜ್ಜಿನ ಒಂದು ಸುತ್ತಿನಲ್ಲಿ 150 ಗ್ರಾಂ ಮೀರುವಂತಿಲ್ಲ. ಹಾಗಾಗಿ ಸರಿಯಾದ ಫ್ರಿಜ್ಜಿಗೆ ಹೆದರಬೇಕಾಗಿಲ್ಲ. ಆದರೆ ಸಿಲಿಂಡರಿನ ಅನಿಲಕ್ಕೆ ಬೆರೆಸುವ ವಾಸನೆಯ ವಸ್ತುವನ್ನು ಇದಕ್ಕೆ ಬೆರೆಸಿರುವುದಿಲ್ಲ. ಸೋರಿದರೆ ಮೂಗಿಗೆ ಸುಳಿವು ಸಿಗದು. ಹಿಮ ಬೇಗ ತೆಗೆಯಲೆಂದು ಚಾಕು, ಸೌಟಿನ ಹಿಡಿಗಳಿಂದ ಫ್ರೀಜರನ್ನು ಕೆರೆಯುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಅಲ್ಲಿನ ನಳಿಗೆ ತೆಳು ಅಲ್ಯುಮಿನಿಯಂನದು. ಒಂದು ಚುಚ್ಚು ಸಾಕು. ‘ಸುಯ್’ ಎಂಬ ಸದ್ದು ಕೇಳಿದರೆ ಒಲೆ ಆರಿಸಿ, ಕಿಟಕಿ ಬಾಗಿಲು ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಮಕ್ಕಳೊಡನೆ ಹೊರಗೆ ಬರಬೇಕು.

ರಿಪೇರಿಗೆ ಬಂದವರು ಗ್ಯಾಸ್ ಕಡಿಮೆಯಾಗಿದೆ ಎಂದರೆ ಮನೆಯವರು ಕೇಳಬೇಕಾದ ಪ್ರಶ್ನೆ ‘ಎಷ್ಟಾಗುತ್ತದೆ?’ ಎಂದಲ್ಲ, ‘ಎಲ್ಲಿ ಸೋರಿತು?’ ಎಂದು. ಒಳ್ಳೆಯ ಕುಶಲಕರ್ಮಿ ನೈಟ್ರೋಜನ್ ಒತ್ತಿ, ಸಾಬೂನು ನೊರೆ ಹಚ್ಚಿ ತೂತು ಹುಡುಕುತ್ತಾನೆ. ಅದನ್ನು ಮುಚ್ಚಿದ ಮೇಲೆ ಪಂಪಿನಿಂದ ಒಳಗಿನ ಗಾಳಿ, ತೇವವನ್ನು ಪೂರ್ತಿ ಎಳೆದು, ಆಮೇಲೆ ಹೊಸ ಅನಿಲವನ್ನು ತೂಗಿ ತುಂಬುತ್ತಾನೆ. ಯಾವ ಅನಿಲ, ಎಷ್ಟು ಗ್ರಾಂ ಎಂಬುದು ಫ್ರಿಜ್ಜಿನ ಮೇಲೆ ಅಂಟಿಸಿದ ಪಟ್ಟಿಯಲ್ಲೇ ಅಚ್ಚಾಗಿರುತ್ತದೆ. ‘ಆರ್-600ಎ’ ಎಂದಿದ್ದರೆ ಅದು ಐಸೋಬ್ಯುಟೇನ್. ಅದರ ಬದಲು ಬೇರೆಯದನ್ನು ತುಂಬುವಂತಿಲ್ಲ. ಪ್ರತಿಯೊಂದಕ್ಕೂ ಕಂಪ್ರೆಸರು ಬೇರೆ, ಒತ್ತಡ ಬೇರೆ. ಹೈಸ್ಕೂಲು ಮಕ್ಕಳು ಆ ಪಟ್ಟಿಯನ್ನು ಹುಡುಕಿ, ಓದಿ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ ರಿಪೇರಿಯ ದಿನ ಅಪ್ಪ ಅಮ್ಮನ ಕೈಯಲ್ಲಿ ಒಂದು ಸರಿಯಾದ ಲೆಕ್ಕವಿರುತ್ತದೆ.